ಲೋಟದ ತಳದ ಬಿಳಿ ಪುಡಿ

"ಎಲ್ಲಿ ಹೋದಳಪ್ಪಾ ನಿನ್ನ ಹೆಂಡತಿ? ಪ್ಯಾಂಟಿನ ಅಂಚು ಹೊಲಿಸಬೇಕಿತ್ತು," ಎಂದು ಇಸ್ತ್ರಿ ಅಂಗಡಿಯ ಮುಂದೆ ನಿಂತು ಮೇಷ್ಟರು ಕೇಳಿದರು.

"ತವರಿಗೆ ಹೋಗಿದಾಳೆ ಸಾರ್."

"ಎರಡು ತಿಂಗಳಿಂದಲೂ ತವರಲ್ಲೇ?"

ಇಸ್ತ್ರಿಯವನು ಕೇಳಿಸದವನಂತೆ ಪೆಟ್ಟಿಗೆಯ ಬಿಸಿ ನೋಡತೊಡಗಿದ. ಹೆಂಡತಿಯ ಕಾಲು ಮುರಿದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಮನಸ್ಸಿನ ಕಾಯಿಲೆ ನೋಡಿ, ಬಾಯಿಗೆ ಬೀಗ ಬಿದ್ದಿತ್ತು. ಅವಳು ಇದ್ದದ್ದು ತವರಿನಲ್ಲಲ್ಲ, ಮಾನಸಿಕ ಆಸ್ಪತ್ರೆಯಲ್ಲಿ. ಅದೂ ಎರಡನೇ ಸಲ.

ಅಂದು ಬೆಳಿಗ್ಗೆಯೇ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಹುಷಾರಾಗಿದ್ದಾರೆ, ಮನೆಗೆ ಕರೆದುಕೊಂಡು ಹೋಗಬಹುದು ಎಂದಿದ್ದರು. ಅವನು ಅಂಗಡಿ ಮುಚ್ಚಿ, ಒಂಬತ್ತು ವರ್ಷದ ಮಗಳಿಗೆ ಅಡ್ಡಾದಿಡ್ಡಿಯಾಗಿ ಜಡೆ ಹೆಣೆದು ಬಸ್ಸು ಹತ್ತಿದ.

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅವಳು ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಗಳನ್ನು ಬಾಚಿ ತಬ್ಬಿಕೊಂಡಳು. ಆ ಜಡೆಯನ್ನು ಬಿಚ್ಚಿ, ನಗುತ್ತ, ನೆಟ್ಟಗೆ ಹೆಣೆದಳು. ಗಂಡನ ಕಡೆ ತಿರುಗಿದಾಗ ಮಾತ್ರ ನಗು ಇರಲಿಲ್ಲ.

"ನಾನು ಮನೆಗೆ ಬರೋದಿಲ್ಲ."

"ಅಯ್ಯೋ, ಯಾಕೆ?"

"ಅಲ್ಲಿ ನನ್ನ ಟೀಗೆ ಏನೋ ಬೆರೆಸ್ತಾರೆ."

ಅವನು ಹಣೆ ಬಡಿದುಕೊಂಡು, ಅಲ್ಲೇ ಇದ್ದ ವಾರ್ಡಿನ ಸಿಸ್ಟರನ್ನು ಹೊರಗೆ ಕರೆದ. "ನೋಡಿದ್ರಾ ಸಿಸ್ಟರ್? ಇನ್ನೂ ಅದೇ ರಾಗ. ಇಲ್ಲೇ ಇರಲಿ ಬಿಡಿ."

ಸಿಸ್ಟರ್ ವಯಸ್ಸಾದವರು. ಸುತ್ತು ಬಳಸಿ ಮಾತಾಡುವವರಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೆರೆಸ್ತಿದ್ರಾ?"

"ಮಾತ್ರೆ ಸಿಸ್ಟರ್, ವಿಷ ಅಲ್ಲ. ಹೋದ ಸಲ ಇಲ್ಲಿಂದ ಹೋದ್ಮೇಲೆ, ನಿನಗೆ ಪೂರ್ತಿ ವಾಸಿಯಾಯ್ತು, ಇನ್ನು ಮಾತ್ರೆ ಬೇಡ ಅಂದುಬಿಟ್ಟೆ. ಮಾತ್ರೆ ನೋಡಿದಾಗೆಲ್ಲ ಕೊರಗ್ತಿದ್ಲು, ನೋಡೋಕಾಗ್ತಿರಲಿಲ್ಲ. ಆಮೇಲೆ ಅಂಗಡೀಲಿ ಆರಿದ ಇಸ್ತ್ರಿ ಪೆಟ್ಟಿಗೆ ಕೆಳಗೆ ಇಟ್ಟು ಪುಡಿ ಮಾಡಿ, ಟೀಗೆ ಹಾಕ್ತಿದ್ದೆ."

"ಅವರು ಲೋಟ ಖಾಲಿ ಮಾಡ್ತಿದ್ರಾ?"

"ಒಂದಿನ ಪೂರ್ತಿ, ಒಂದಿನ ಅರ್ಧ. ಕೊನೆಗೆ ಟೀ ಬಿಟ್ಟಳು, ಊಟಾನೂ ಬಿಟ್ಟಳು."

"ಅಂದ್ರೆ ಔಷಧಿ ಸರಿಯಾಗಿ ಹೊಟ್ಟೆಗೇ ಹೋಗಲಿಲ್ಲ. ಡಾಕ್ಟರನ್ನ ಕೇಳದೆ ಮಾತ್ರೆ ಪುಡಿ ಮಾಡಲೇಬಾರದು. ಅದಿರಲಿ, ಏನು ಬೆರೆಸಿದ್ರಿ ಅಂತ ನಿಮ್ಮ ಹೆಂಡತಿ ಕೇಳಿದಾಗ ಏನಂದ್ರಿ?"

ಲೋಟ ಬಗ್ಗಿಸಿ ತಳದ ಬಿಳಿ ಪುಡಿಯನ್ನು ಅವಳು ತೋರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಂಗಿಯ ಕಂಕುಳಲ್ಲಿ ಒಂದು ನೂಲು ಬಿಟ್ಟಿದ್ದರೂ ಹಿಡಿಯುವ ಕಣ್ಣು ಅವಳದು. ಆ ಕಣ್ಣಿಗೆ ಮಣ್ಣೆರಚಲು ಹೊರಟಿದ್ದ ಮಹಾನುಭಾವ ಇವನು!

"ನಿನ್ನ ಭ್ರಮೆ ಅಂದೆ," ಎಂದ ಮೆಲ್ಲಗೆ.

"ಈ ಕಾಯಿಲೆಯಲ್ಲಿ ಇಲ್ಲದ್ದು ಇದೆ ಅನ್ನಿಸುತ್ತೆ. ಅದರ ಜೊತೆ ಗುದ್ದಾಡ್ತಿರೋರಿಗೆ ನೀವು, ಇರೋದನ್ನೇ ಇಲ್ಲ ಅಂದ್ರಿ. ಪಾಪ, ಅವರು ಯಾವುದನ್ನ ನಂಬಬೇಕು?"

"ಈಗ ಹೇಳಿದ್ರೆ ಕ್ಷಮಿಸ್ತಾಳಾ ಸಿಸ್ಟರ್?"

"ಅದು ನನಗೆ ಗೊತ್ತಿಲ್ಲ. ಹೇಳದಿದ್ರೆ ಮನೆಗಂತೂ ಬರಲ್ಲ."

ಅವನು ಒಳಗೆ ಹೋಗಿ, ಮತ್ತೆ ಹೊಲಿಗೆ ಹಿಡಿದಿದ್ದ ಹೆಂಡತಿಯ ಎದುರು ಕೂತ. ಬಸ್ಸಿಳಿದಾಗಿನಿಂದ ಬಾಯಾರಿತ್ತು, ನೀರು ಕೇಳುವ ಧೈರ್ಯವೂ ಆಗಲಿಲ್ಲ.

"ಬೆರೆಸ್ತಿದ್ದೆ ಕಣೇ. ನಿನ್ನ ಮಾತ್ರೇನೇ ಪುಡಿ ಮಾಡಿ ಹಾಕ್ತಿದ್ದೆ. ನೀನು ಹೇಳಿದ್ದು ಸರಿ. ಸುಳ್ಳು ಹೇಳಿದ್ದು ನಾನು."

ಅವಳ ಸೂಜಿ ನಿಂತಿತು. "ಹಾಗಾದ್ರೆ ಅದು ನಿಜವಾಗಿತ್ತಾ?"

"ನಿಜವಾಗಿತ್ತು."

"ಕಿವಿಯಲ್ಲಿ ಕೇಳ್ತಿದ್ದ ದನಿಗಳೆಲ್ಲ ಕಾಯಿಲೆ ಅಂದ್ರು ಡಾಕ್ಟರು. ಒಪ್ಪಿಕೊಂಡೆ. ಈ ಪುಡಿಯೊಂದನ್ನ ಮಾತ್ರ ಸುಳ್ಳು ಅಂತ ಎಷ್ಟು ಒದ್ದಾಡಿದ್ರೂ ಒಪ್ಪೋಕಾಗಲಿಲ್ಲ. ನನಗಿನ್ನೂ ಹುಚ್ಚು ಬಿಟ್ಟಿಲ್ಲ, ಮಗಳ ಹತ್ತಿರ ಹೋಗೋ ಹಾಗಿಲ್ಲ ಅಂತ ಎಷ್ಟು ಅತ್ತಿದೀನಿ ಗೊತ್ತಾ ನಿಮಗೆ?"

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಸಿಟ್ಟು ಬಂದಿತ್ತು, ಬರಬೇಕಾದ ಸಿಟ್ಟೇ ಅದು. ಕೊನೆಗೆ ಕಣ್ಣೊರೆಸಿಕೊಂಡು, "ಇವತ್ತು ಬರಲ್ಲ. ಮೂರು ದಿನ ಬಿಟ್ಟು ಬನ್ನಿ," ಎಂದಳು. "ಮಾತ್ರೆ ನನ್ನ ಕೈಯಲ್ಲೇ ಇರಬೇಕು. ಯಾವ ಮಾತ್ರೆ, ಯಾಕೆ ಅಂತ ಡಾಕ್ಟರು ನಮ್ಮಿಬ್ಬರಿಗೂ ಹೇಳಬೇಕು. ಇನ್ನೊಂದ್ಸಲ ನನಗೆ ಸುಳ್ಳು ಹೇಳಬಾರದು."

"ಆಯ್ತು."

"ಮಾತ್ರೆಯಿಂದ ಕೈ ನಡುಗಿದ್ರೆ, ನಿದ್ದೆ ಜಾಸ್ತಿಯಾದ್ರೆ ಇಲ್ಲಿಗೆ ಬನ್ನಿ," ಎಂದರು ಬಾಗಿಲಲ್ಲಿ ನಿಂತಿದ್ದ ಸಿಸ್ಟರ್. "ಮಾತ್ರೆ ಬದಲಾಯಿಸಬಹುದು. ನೀವಾಗಿ ನಿಲ್ಲಿಸಬೇಡಿ."

ಮೂರು ದಿನದ ಮೇಲೆ ಅವಳು ತನ್ನ ಚೀಲ ತಾನೇ ಹಿಡಿದುಕೊಂಡು ಹೊರಬಂದಳು. ಮಗಳು ಗೇಟಿನಿಂದಲೇ ಓಡಿ ಬಂದು ಸೊಂಟಕ್ಕೆ ಜೋತುಬಿದ್ದಳು.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯವರಿರಬಹುದು. ಅವರಿಗೆ ಮದ್ದನ್ನು ಕದ್ದು ಕೊಡಬೇಡಿ. ಮಾತ್ರೆ ಒಲ್ಲೆ ಎಂದರೆ ಯಾಕೆಂದು ಕೇಳಿ, ಅವರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಕಾಯಿಲೆ ಬಂದವರಿಗೂ ಕಣ್ಣಿದೆ, ಬುದ್ಧಿಯಿದೆ, ಮಾನವಿದೆ. ಅವರು ಏನಾದರೂ ಹೇಳಿದಾಗ, ಭ್ರಮೆ ಎಂದು ತಳ್ಳಿಹಾಕುವ ಮೊದಲು ಒಮ್ಮೆ ಲೋಟ ಬಗ್ಗಿಸಿ ನೋಡಿ.