ಎಡಗಡೆಯ ಸೀಟು

ಮನೆಯಿಂದ ಹೊಳೆಯಂಚಿನ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ಮೂರು ಗೇಟುಗಳು. ಗಾಡಿ ಓಡಿಸುವವನು ಇಳಿಯುವುದಿಲ್ಲ. ಎಡಗಡೆ ಕೂತವರು ಇಳಿದು ಗೇಟು ತೆಗೆಯಬೇಕು. ಗಾಡಿ ದಾಟಿದ ಮೇಲೆ ಮುಚ್ಚಿ, ಸರಪಳಿ ಸಿಕ್ಕಿಸಿ, ಓಡಿ ಬಂದು ಹತ್ತಬೇಕು. ಅಡಿಲೇಡಿನಿಂದ ದೂರದ ಆ ಕುರಿ ಸಾಕುವ ಮನೆಗಳಲ್ಲೆಲ್ಲ ಇದೇ ಕಟ್ಟಳೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮೀರಿದ್ದೂ ಇಲ್ಲ. ಐದು ವರ್ಷದವಳಿದ್ದಾಗ ಬ್ರಾನ್ವಿನ್‌ಗೆ ಸರಪಳಿ ಎಟುಕುತ್ತಿರಲಿಲ್ಲ. ಗೇಟಿನ ಅಡ್ಡಪಟ್ಟಿ ಹತ್ತಿ ನಿಲ್ಲುತ್ತಿದ್ದಳು. ಈಗ ಅವಳಿಗೆ ಮೂವತ್ತೆಂಟು. ಅಪ್ಪ ಕ್ಲೆಮ್ ಪ್ಯಾಸ್ಕೊ ಜೊತೆಗಿದ್ದರೆ ಇವತ್ತಿಗೂ ಅವಳದು ಎಡಗಡೆಯ ಸೀಟೇ.

ಆ ಬೆಳಿಗ್ಗೆ ಅವರು ಮೇವು ಹೇರಿಕೊಂಡು ಹೊರಟದ್ದು ಹಳೆಯ ಪಿಕಪ್ಪಿನಲ್ಲಿ. ನಲವತ್ತೈದು ವರ್ಷಕ್ಕೂ ಮಿಕ್ಕಿದ ಗಾಡಿ. ಉಣ್ಣೆ ತುಂಬುವ ಚೀಲಗಳನ್ನು ಹೊದ್ದು ಶೆಡ್ಡಿನ ಮೂಲೆಯಲ್ಲಿ ಮಲಗಿದ್ದುದನ್ನು ಎಬ್ಬಿಸಿದ್ದರು. ಹೊಸ ಪಿಕಪ್ಪು ಎರಡು ವಾರದಿಂದ ಊರಿನಲ್ಲಿ ಮೆಕ್ಯಾನಿಕ್ ರೋಡೆಲ್‌ನ ಶೆಡ್ಡಿನಲ್ಲಿ ಕೆಟ್ಟು ನಿಂತಿತ್ತು.

ಅದು ನಿಂತ ದಿನ ಓಡಿಸುತ್ತಿದ್ದವಳು ಬ್ರಾನ್ವಿನ್. ಹೊಳೆ ದಾಟಿ ಆಚೆ ದಡ ಹತ್ತಿದ ಮೇಲೆ ದೀಪ ಆರಿದ ಹಾಗೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ನೀರು ಅರ್ಧ ಚಕ್ರಕ್ಕೂ ಬಂದಿರಲಿಲ್ಲ ಎಂದು ಅವಳು ಹೇಳಿದಳು. ಕ್ಲೆಮ್ ನಂಬಲಿಲ್ಲ. ಆಳ ನೋಡದೆ ಇಳಿಸಿರಬೇಕು ಎಂದ. ಮಾರನೆಯ ದಿನ ಕುರಿ ಹರಾಜಿನ ಅಂಗಳದಲ್ಲಿ, ನಮ್ಮ ಹುಡುಗಿ ಗಾಡಿಗೆ ಈಜು ಕಲಿಸಿದಳು ಎಂದು ನಾಲ್ಕು ಜನರ ಮುಂದೆ ನಗೆಯಾಡಿದ. ಆ ಮಾತು ಊರೆಲ್ಲ ಹರಡಿತು. ಬ್ರೆಡ್ ತರಲು ಹೋದರೂ ಯಾರಾದರೊಬ್ಬರು ಬ್ರಾನ್ವಿನ್‌ಳನ್ನು, ಇವತ್ತು ಟ್ರ್ಯಾಕ್ಟರಿಗೆ ಸ್ನಾನ ಆಯಿತಾ ಎಂದು ಕೇಳುವವರೇ.

ನಗೆಯಲ್ಲಿ ಮುಗಿದಿದ್ದರೆ ಆಗುತ್ತಿತ್ತು. ಪಕ್ಕದ ಹೊಲದ ಗ್ಲೆನ್ ಹೈನ್ರಿಕ್ ಬಹಳ ದಿನದಿಂದ ಕ್ಲೆಮ್‌ನ ಜಮೀನನ್ನು ಹತ್ತು ವರ್ಷದ ಗುತ್ತಿಗೆಗೆ ಕೇಳುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಬೇಲಿ ಬಿದ್ದರೆ ಕರೆಯದೆಯೇ ಬರುವವನು. ನಿನಗೆ ಎಪ್ಪತ್ಮೂರಾಯಿತು, ಹೆಣ್ಣುಮಗಳೊಬ್ಬಳ ಕೈಯಲ್ಲಿ ಎರಡು ಸಾವಿರ ಕುರಿ ಬಿಟ್ಟು ಹೋಗುತ್ತೀಯಾ ಎಂಬುದು ಅವನ ವಾದ. ಕ್ಲೆಮ್‌ಗೂ ಅದೇ ಅಂಜಿಕೆ. ತೀರಿಹೋದ ಹೆಂಡತಿ ಏವಿಸ್ ಈ ನೆಲದಲ್ಲಿ ದುಡಿದು ದುಡಿದು ಐವತ್ತಕ್ಕೇ ಮುದುಕಿಯಾದದ್ದನ್ನು ಅವನು ಕಂಡಿದ್ದ. ಮಗಳಿಗೆ ಅದು ಬೇಡ ಎನ್ನುವುದು ಅವನ ಮಟ್ಟಿಗೆ ಪ್ರೀತಿಯೇ ಆಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲು ಬಾರದೆ, ಒಂದು ಗಾಡಿ ನೋಡಿಕೊಳ್ಳೋಕಾಗದವಳು ಜಮೀನು ಏನು ನೋಡ್ತಾಳೆ ಎಂದುಬಿಟ್ಟಿದ್ದ. ಮುಂದಿನ ಶುಕ್ರವಾರ ಗುತ್ತಿಗೆ ಪತ್ರಕ್ಕೆ ಸಹಿ ಎಂದು ನಿಗದಿಯಾಗಿತ್ತು. ಬ್ರಾನ್ವಿನ್ ಜಗಳವಾಡಲಿಲ್ಲ. ಪಟ್ಟಣದ ಉಣ್ಣೆ ಗೋದಾಮಿನಲ್ಲಿ ಒಂದು ಕೆಲಸ ಕೇಳಿ ಪತ್ರ ಬರೆದಳು.

ಅಂದು ಮೇವು ಹಾಕಿದ ಮೇಲೆ, ಏನೋ ತೋರಿಸಬೇಕು ಬನ್ನಿ ಎಂದು ರೋಡೆಲ್ ಹೇಳಿ ಕಳಿಸಿದ್ದರಿಂದ ಇಬ್ಬರೂ ಊರಿಗೆ ಹೋದರು. ರೋಡೆಲ್ ಹನ್ನೊಂದು ವರ್ಷದ ಹಿಂದೆ ಫಿಲಿಪೀನ್ಸಿನಿಂದ ಬಂದು ಇಲ್ಲಿ ನೆಲೆ ನಿಂತವನು. ಗಾಡಿಗಳ ವೈರಿಂಗ್ ಕೆಲಸಕ್ಕೆ ಸುತ್ತ ನೂರು ಮೈಲಿಗೆ ಅವನೊಬ್ಬನೇ. ಗ್ಲೆನ್ ಬ್ಯಾಟರಿ ಕೊಳ್ಳಲು ಬಂದು ಅಲ್ಲೇ ಟೀ ಕುಡಿಯುತ್ತ ಕೂತಿದ್ದ.

ಮೇಜಿನ ಮೇಲೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಬಿದ್ದಿತ್ತು. ಎಂಜಿನ್ನಿನ ಕಂಪ್ಯೂಟರ್. ಡೀಸೆಲ್ ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂದು ಎಂಜಿನ್ನಿಗೆ ಹೇಳುವುದು ಇದೇ.

"ನೀರಲ್ವಾ?" ಎಂದು ಗ್ಲೆನ್ ನಕ್ಕ.

"ನೀರಲ್ಲ," ಎಂದ ರೋಡೆಲ್. "ನೀರು ಹೋಗಿದ್ರೆ ಹಸಿರು ಕಿಲುಬು ಹಿಡೀತಿತ್ತು, ಕೆಸರಿನ ಕಲೆ ಇರ್ತಿತ್ತು. ಒಳಗೆಲ್ಲ ಒಣಗೇ ಇದೆ, ನೋಡಿ. ಇಲ್ಲಿ ಕಪ್ಪು ಗೆರೆ ಕಾಣ್ತಾ? ಇದು ಸುಟ್ಟಿದ್ದು. ಬ್ಯಾಟರಿ ವೈರು ಬಿಚ್ಚದೆ ಯಾರೋ ಗಾಡಿ ಮೇಲೆ ವೆಲ್ಡಿಂಗ್ ಮಾಡಿದಾರೆ. ಆ ಕರೆಂಟು ಇದರೊಳಗೆ ಹರಿದಿದೆ. ಅವತ್ತೇ ಸಾಯಲ್ಲ, ಒಂದೆರಡು ದಿನ ಓಡಿ ಆಮೇಲೆ ಸಾಯುತ್ತೆ. ನೀವೇನಾದ್ರೂ ವೆಲ್ಡಿಂಗ್ ಮಾಡಿದ್ರಾ, ಬಾಸ್?"

"ಇಲ್ಲ," ಎಂದ ಕ್ಲೆಮ್.

ಆ ಮಾತು ಯೋಚನೆಗಿಂತ ಮುಂಚೆ ಬಾಯಿಂದ ಬಿದ್ದಿತ್ತು. ಬಿದ್ದ ಮೇಲೆ ಎಲ್ಲ ನೆನಪಿಗೆ ಬಂತು. ಗಾಡಿ ನಿಲ್ಲುವ ಎರಡು ದಿನ ಮೊದಲು, ಬ್ರಾನ್ವಿನ್ ಊರಿಗೆ ಹೋಗಿದ್ದಾಗ, ನಾಯಿಯ ಪಂಜರವನ್ನು ಅದರ ಹಿಂಬದಿಯ ಕಬ್ಬಿಣದ ತಳಕ್ಕೆ ತಾನೇ ಬೆಸೆದಿದ್ದ. ಬ್ಯಾಟರಿಯ ತಂಟೆಗೇ ಹೋಗಿರಲಿಲ್ಲ. ಹಳೆಯ ಪಿಕಪ್ಪಿನ ಮೇಲೆ ಅದೇ ರೀತಿ ನೂರು ಸಲ ಬೆಸೆದಿದ್ದನಲ್ಲ, ಅದಕ್ಕೆ ಯಾವ ಕಂಪ್ಯೂಟರ್?

ಅವನು ಮಗಳ ಕಡೆ ನೋಡಿದ. ಅವಳು ಕಪ್ಪು ಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಹೊರಗೆ ಹೋಗಿ ಹಳೆಯ ಪಿಕಪ್ಪಿನ ಎಡಗಡೆ ಕೂತಳು.

ಹೊಸ ಕಂಪ್ಯೂಟರ್ ಅಡಿಲೇಡಿನಿಂದ ಬರಬೇಕು, ಮುಂದಿನ ಗುರುವಾರವಾಗುತ್ತದೆ ಎಂದ ರೋಡೆಲ್. ಸಹಿ ಮಾಡುವ ಹಿಂದಿನ ದಿನ.

ಅಲ್ಲಿಯವರೆಗೆ ದಿನವೂ ಹಳೆಯ ಪಿಕಪ್ಪಿನಲ್ಲೇ ಮೇವು ಹಾಕಿದರು. ಅದರ ಬಾಗಿಲನ್ನು ಒಳಗಿನಿಂದ ತಳ್ಳಿ ತೆಗೆಯಬೇಕು, ಹೀಟರು ಬೇಡವೆಂದರೂ ನಿಲ್ಲುವುದಿಲ್ಲ. ಸೀಟಿನೊಳಗೆ ಏವಿಸ್‌ಳ ನಿಂಬೆ ಮಿಠಾಯಿಯ ಕಾಗದಗಳು ಇನ್ನೂ ಸಿಕ್ಕಿಕೊಂಡಿದ್ದವು. ಆ ಗಾಡಿ ಕೆಟ್ಟರೆ ಕ್ಲೆಮ್‌ಗೆ ಬೇಕಾದದ್ದು ಒಂದು ಇಕ್ಕಳ, ಒಂದು ಗೇಣು ತಂತಿ. ಕಿವಿಗೊಟ್ಟು ಕೇಳಿದರೆ ಎಲ್ಲಿ ನೋವು ಎಂದು ಎಂಜಿನ್ನೇ ಹೇಳುತ್ತಿತ್ತು. ಒಳಗೆ ಒಂದು ಕಪ್ಪು ಗೆರೆ ಇಟ್ಟುಕೊಂಡು ಸುಮ್ಮನಿರುವ ಯಂತ್ರಗಳು ಅವನ ಕಾಲದವಲ್ಲ.

ಬ್ರಾನ್ವಿನ್ ಏಳು ವರ್ಷದವಳಿದ್ದಾಗ ಅವಳನ್ನು ಇದೇ ಸ್ಟಿಯರಿಂಗಿನ ಹಿಂದೆ ನಿಲ್ಲಿಸುತ್ತಿದ್ದ. ಮೊದಲ ಗೇರಿಗೆ ಹಾಕಿ, ಆ ಒಂಟಿ ಮರದ ಕಡೆ ಬಿಡು ಮಗಳೇ ಎಂದು ಹಿಂದಕ್ಕೆ ಹಾರಿ, ಗಾಡಿ ಆಮೆಯಂತೆ ತೆವಳುವಾಗ ಮೇವು ಚೆಲ್ಲುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ಮರವನ್ನೇ ನೋಡುತ್ತಿದ್ದಳು. ಒಂದು ದಿನವೂ ದಾರಿ ತಪ್ಪಿದವಳಲ್ಲ. ಮತ್ತೆ ಯಾವಾಗ ಅವಳು ಎಡಗಡೆಗೆ ಸರಿದಳು, ಯಾರು ಸರಿಸಿದರು ಎಂದು ಕ್ಲೆಮ್ ನೆನೆಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಇನ್ನೊಂದು ನೆನಪಾಯಿತು. ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಒಂದು ಗೇಟು ಮುಚ್ಚಲು ಮರೆತು, ಟಗರುಗಳೆಲ್ಲ ಹೆಣ್ಣುಕುರಿಗಳ ಹಿಂಡಿಗೆ ನುಗ್ಗಿದ್ದವು. ಆ ವರ್ಷ ಮರಿಗಳು ಅಕಾಲದಲ್ಲಿ, ಕೊರೆಯುವ ಚಳಿಯಲ್ಲಿ ಹುಟ್ಟಿ ಅರ್ಧ ಸತ್ತವು. ಗೇಟು ತೆರೆದಿಟ್ಟದ್ದು ನೀವೇ ಎಂದು ಉಣ್ಣೆ ಕತ್ತರಿಸಲು ಬಂದವರ ಮೇಲೆ ಅವನು ರೇಗುತ್ತಿದ್ದಾಗ ಹುಡುಗಿ ಊಟದ ಮೇಜಿನ ಬಳಿ ಬಂದು ನಿಂತು, ಮುಚ್ಚದೆ ಬಂದದ್ದು ನಾನು ಎಂದಿದ್ದಳು. ಅವನು ಬೈದಿದ್ದ. ಬೈದ ಮೇಲೆ ಏವಿಸ್‌ಗೆ, ಗಟ್ಟಿ ಹುಡುಗಿ ಕಣೇ ಇದು ಎಂದಿದ್ದ. ಹುಡುಗಿಗೆ ಹೇಳಿರಲಿಲ್ಲ.

ಬುಧವಾರ ಮೇವು ಚೆಲ್ಲಿ ಹಿಂತಿರುಗುವಾಗ ಎರಡನೆಯ ಗೇಟಿನ ಹತ್ತಿರ ಕ್ಲೆಮ್ ಗಾಡಿ ನಿಲ್ಲಿಸಿದ. ಬ್ರಾನ್ವಿನ್ ಇಳಿಯಲು ಬಾಗಿಲಿಗೆ ಕೈಹಾಕಿದಳು.

"ನಿಂಗೆ ಗೊತ್ತಿತ್ತಾ?" ಎಂದ.

ಅವಳ ಕೈ ಅಲ್ಲೇ ನಿಂತಿತು. "ಆ ಗೆರೆ ನೋಡಿದಾಗ ಗೊತ್ತಾಯ್ತು. ಪಂಜರದ ಬೆಸುಗೆ ಹೊಸದು ಅಂತ ಅವತ್ತೇ ನೋಡಿದ್ದೆ. ಅಲ್ಲೀವರೆಗೆ ನಾನೇ ಏನೋ ಮಾಡಿದೀನಿ ಅಂದ್ಕೊಂಡಿದ್ದೆ ಅಪ್ಪ. ಎರಡು ವಾರ ದಿನಾ ಹೊಳೆಗೆ ಹೋಗಿ ಕೋಲಲ್ಲಿ ನೀರು ಅಳೀತಿದ್ದೆ."

"ಗ್ಲೆನ್ ಮುಂದೆ ಯಾಕೆ ಹೇಳ್ಲಿಲ್ಲ?"

"ಗೇಟು ತೆರೆದು ಬಿಟ್ಟು ಬಂದೋರೇ ಹೇಳ್ಬೇಕು ಅಂತ ನೀನೇ ಕಲಿಸಿದ್ದಲ್ವಾ," ಎಂದಳು. ಇಳಿದು ಹೋಗಿ ಗೇಟು ತೆಗೆದಳು.

ಗುರುವಾರ ಅಂಚೆಯವನ ಗಾಡಿಯಲ್ಲಿ ಇಬ್ಬರೂ ಊರಿಗೆ ಬಂದರು. ಹರಾಜಿನ ದಿನ. ರೋಡೆಲ್‌ನ ಶೆಡ್ಡಿನಲ್ಲಿ ಗ್ಲೆನ್ ಇದ್ದ, ಇನ್ನೂ ಮೂವರಿದ್ದರು. ಹೊಸ ಪೆಟ್ಟಿಗೆಯನ್ನು ರೋಡೆಲ್ ಕೂರಿಸಿಯಾಗಿತ್ತು. ಗಾಡಿಯ ಕೀಲಿಗಳನ್ನು ಅದಕ್ಕೆ ಪರಿಚಯ ಮಾಡಿಸಬೇಕು, ಇಲ್ಲವಾದರೆ ಎಂಜಿನ್ ಹೊತ್ತುವುದಿಲ್ಲ, ಎರಡೂ ಕೀಲಿ ಕೊಡಿ ಎಂದ. ಕ್ಲೆಮ್ ತನ್ನದನ್ನು ಕೊಟ್ಟ, ಬ್ರಾನ್ವಿನ್ ತನ್ನದನ್ನು ಕೊಟ್ಟಳು. ಸ್ವಲ್ಪ ಹೊತ್ತಿಗೆ ಎಂಜಿನ್ ಹೊತ್ತಿತು. ಒಂದೇ ಸಮನೆ, ಕಲೆಯಿಲ್ಲದ ಸದ್ದು.

"ಬ್ರಾನ್, ಇನ್ಮೇಲೆ ದೋಣಿ ತಗೊಂಡುಬಿಡು," ಎಂದ ಗ್ಲೆನ್. ಮೂವರೂ ನಕ್ಕರು.

ಕ್ಲೆಮ್ ಟೋಪಿ ತೆಗೆದ. ಯಾಕೆ ತೆಗೆದನೋ ಅವನಿಗೇ ತಿಳಿಯಲಿಲ್ಲ. ಇಗರ್ಜಿಯಲ್ಲಿ ಮತ್ತು ಸ್ಮಶಾನದಲ್ಲಿ ಬಿಟ್ಟರೆ ಅವನು ಅದನ್ನು ತೆಗೆಯುತ್ತಿರಲಿಲ್ಲ.

"ವೆಲ್ಡಿಂಗ್ ಮಾಡಿದ್ದು ನಾನು," ಎಂದ. "ಬ್ಯಾಟರಿ ಬಿಚ್ಚಿರ್ಲಿಲ್ಲ. ಹೋದ ವಾರ ಇಲ್ಲೇ ನಿಂತು ಇಲ್ಲ ಅಂದೆ, ಅದು ಸುಳ್ಳು. ಹುಡುಗಿದೇನೂ ತಪ್ಪಿಲ್ಲ. ಹರಾಜಿನ ಅಂಗಳದಲ್ಲಿ ನಕ್ಕೋರಿಗೆಲ್ಲ ಹೇಳ್ಬಿಡಿ. ನಾನೂ ಹೇಳ್ತೀನಿ."

ಗ್ಲೆನ್ ಟೀ ಲೋಟದೊಳಗೆ ನೋಡಿದ. ಕೊನೆಗೆ, "ಅಯ್ಯೋ ಬಿಡು ಮಾರಾಯ, ನಾವೆಲ್ಲಾ ಹಾಗೇ ಮಾಡೋದು," ಎಂದ.

"ಮಾಡಿ ಮಾಡಿ," ಎಂದ ರೋಡೆಲ್, ಸ್ಪ್ಯಾನರು ಒರೆಸುತ್ತ. "ನನ್ನ ಮಕ್ಕಳ ಶಾಲೆ ಫೀಸು ಅದ್ರಿಂದಲೇ ನಡೀತಿದೆ."

ನಗು ಮರಳಿತು, ಈ ಸಲ ಬೇರೆ ದಿಕ್ಕಿಗೆ. ಅದು ಆರುವ ಮೊದಲೇ ಕ್ಲೆಮ್ ಗ್ಲೆನ್‌ನ ಹತ್ತಿರ ಹೋಗಿ, ನಾಳೆಯ ಸಹಿ ಬೇಡ ಎಂದ. ಹಾಗಾದರೆ ಜಮೀನು ಯಾರು ನೋಡುತ್ತಾರೆ ಎಂದು ಗ್ಲೆನ್ ಕೇಳಿದ. ಅವನು ಕೇಳಿದ್ದು ಕುಹಕದಿಂದಲ್ಲ, ನಿಜವಾದ ಚಿಂತೆಯಿಂದ. ಇಷ್ಟು ದಿನ ನೋಡಿಕೊಂಡವಳೇ ನೋಡುತ್ತಾಳೆ, ಅವಳಿಗೆ ಮನಸ್ಸಿದ್ದರೆ ಎಂದ ಕ್ಲೆಮ್. ಆ ಕೊನೆಯ ಮಾತನ್ನು ಮಗಳ ಕಡೆ ತಿರುಗಿ ಹೇಳಿದ. ಅವಳು ರೋಡೆಲ್‌ನಿಂದ ಕೀಲಿ ತೆಗೆದುಕೊಳ್ಳುತ್ತಿದ್ದಳು.

ಹೊರಗೆ ಕ್ಲೆಮ್ ಗಾಡಿಯನ್ನು ಸುತ್ತು ಹಾಕಿ ಎಡಗಡೆಯ ಬಾಗಿಲು ತೆಗೆದು ಕೂತ. ಬ್ರಾನ್ವಿನ್ ಒಂದು ಕ್ಷಣ ನಿಂತಳು. ಆಮೇಲೆ ಬಲಗಡೆ ಹತ್ತಿ, ಅವನ ಉದ್ದನೆಯ ಕಾಲಿಗೆ ಹೊಂದಿಸಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡಳು.

ಮನೆಯಲ್ಲಿ ಮೇವು ಹೇರಿಕೊಂಡು ಹೊಳೆಯಂಚಿನ ಹುಲ್ಲುಗಾವಲಿನ ದಾರಿ ಹಿಡಿದರು. ಕುರಿಗಳು ಕಾದಿದ್ದವು. ಮೊದಲ ಗೇಟಿನ ಮುಂದೆ ಗಾಡಿ ನಿಂತಿತು. ನಿಂತೇ ಇತ್ತು. ಗೇಟು ತೆಗೆಯಬೇಕಾದವನು ತಾನೆಂದು ಕ್ಲೆಮ್‌ಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಇಳಿದು ಹೋದ. ಸರಪಳಿ ಬಿಚ್ಚಿ ಎಳೆದರೆ ಗೇಟು ಕದಲಲಿಲ್ಲ. ಕೀಲು ಸವೆದು ಗೇಟಿನ ಮೂಲೆ ನೆಲಕ್ಕೆ ಊರಿತ್ತು. ಮಂಡಿ ಕೊಟ್ಟು ಎತ್ತಿ, ಎತ್ತಿದಂತೆಯೇ ನಡೆಸಿಕೊಂಡು ಹೋಗಬೇಕು. ಅಷ್ಟು ಮಾಡುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಗಾಡಿ ದಾಟಿದ ಮೇಲೆ ಮತ್ತೆ ಎತ್ತಿ, ಮುಚ್ಚಿ, ಬಂದು ಕೂತ.

"ಯಾವಾಗಿಂದ ಜೋತುಬಿದ್ದಿದೆ ಅದು?"

"ಅಮ್ಮ ಇದ್ದಾಗಿಂದ."

ಕ್ಲೆಮ್ ಅಂಗೈಗೆ ಹತ್ತಿದ ತುಕ್ಕು ನೋಡಿಕೊಂಡ. "ನಾಳೆ ವೆಲ್ಡಿಂಗ್ ಮಾಡಿ ಸರಿಮಾಡ್ತೀನಿ."

"ಮಾಡು," ಎಂದಳು ಬ್ರಾನ್ವಿನ್. "ನನ್ನ ಗಾಡಿ ದೂರ ನಿಲ್ಲಿಸಿರ್ತೀನಿ."

ಅವಳು ಗೇರು ಹಾಕಿದಳು. ದೂರದಲ್ಲಿ ಒಂಟಿ ಮರ ಇದ್ದಲ್ಲೇ ಇತ್ತು. ಇನ್ನೂ ಎರಡು ಗೇಟುಗಳಿದ್ದವು. ಕ್ಲೆಮ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕಾದು ಕೂತ.