ನೀಲವ್ವ ಸಬಕಾರದ ಅಚ್ಚು

ನಾನು ಒಂದು ಹಿತ್ತಾಳೆ ಅಚ್ಚು. ಅಂಗೈಯಗಲದ ಮುಖ, ಹಿಂದೆ ಸಾಗುವಾನಿ ಹಿಡಿ. ಸಬಕಾರದ ಮೇಲೆ ಹೆಸರು ಒತ್ತುವುದು ನನ್ನ ಕೆಲಸವಾಗಿತ್ತು. ಬಟ್ಟೆ ಒಗೆಯುವ ಸಾಬೂನಿಗೆ ನಮ್ಮ ಬೆಟಗೇರಿಯಲ್ಲಿ ಸಬಕಾರ ಎನ್ನುತ್ತಾರೆ. ನೆತ್ತಿಯ ಮೇಲೆ ಮರದ ಕೊಡತಿಯ ಪೆಟ್ಟು ಬಿದ್ದರೇ ನನ್ನ ಹೊಟ್ಟೆ ತುಂಬುತ್ತಿತ್ತು. ಈಗ ಪೆಟ್ಟು ತಪ್ಪಿದೆ, ಸುಖವೇನೂ ಬಂದಿಲ್ಲ.

ನಾನು ಹುಟ್ಟಿದ್ದು ಪಾತ್ರೆ ಬಜಾರಿನಲ್ಲಿ, ಈಗಿನ ಕೆತ್ತನೆಗಾರ ಮಾಬುಸಾಬನ ತಂದೆಯ ಕುಲುಮೆಯಲ್ಲಿ. ಮದುವೆಯ ಕೊಡ, ತಟ್ಟೆಗಳ ಮೇಲೆ ಹೆಸರು ಕೊರೆಯುವ ಮನೆತನ ಅವರದು. ಅಡಿವೆಪ್ಪ ಎಂಬವನು ಬಂದು, ತಾನು ಸಬಕಾರ ಮಾಡಲು ಶುರು ಮಾಡಿದ್ದೇನೆ, ಅಚ್ಚು ಬೇಕು ಎಂದ. ಯಾವ ಹೆಸರು ಎಂದು ಕೇಳಿದರು.

"ನೀಲವ್ವ ಅಂತ ಹಾಕ್ರಿ," ಎಂದ ಅಡಿವೆಪ್ಪ. "ನಮ್ಮ ಹುಡುಗಿ. ಹೋದ ಶ್ರಾವಣದಾಗ ಜ್ವರ ಬಂದು ಹೋತು."

ಆ ಕೂಸಿನದೊಂದು ಫೋಟೋ ಕೂಡ ಇರಲಿಲ್ಲ. ಶಾಲೆಗೆ ಹಾಕುವಾಗ ತೆಗೆಸಿದರಾಯಿತು ಎಂದುಕೊಂಡಿದ್ದರಂತೆ. ಹಾಗಾಗಿ ಅವಳ ಹೆಸರು ಉಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಚ್ಚಿನ ಮೇಲೆ ಅಕ್ಷರ ತಿರುಗಮುರುಗ ಇರುತ್ತವೆ, ಒತ್ತಿದಾಗ ಮಾತ್ರ ನೆಟ್ಟಗೆ ಮೂಡುತ್ತವೆ.

ಮನೆಯ ಹಿತ್ತಲೇ ಕಾರ್ಖಾನೆ. ಎಣ್ಣೆ, ಸೋಡಾ ಕಾಯಿಸಿ ಮರದ ಚೌಕಟ್ಟಿಗೆ ಹೊಯ್ದು, ಗಟ್ಟಿಯಾದ ಮೇಲೆ ತಂತಿಯಿಂದ ಕೊಯ್ಯುತ್ತಿದ್ದರು. ಆಮೇಲೆ ನನ್ನ ಸರದಿ. ಅಡಿವೆಪ್ಪ ಕೊಡತಿ ಎತ್ತಿದರೆ ಅವನ ಹೆಂಡತಿ ಕಲ್ಲವ್ವ ನನ್ನನ್ನು ಹಿಡಿದಿರುತ್ತಿದ್ದಳು. ಪ್ರತಿ ಸಲ ಒತ್ತಿದಾಗಲೂ ಹೆಬ್ಬೆರಳಿನಿಂದ ನನ್ನ ಮುಖ ಒರೆಸುತ್ತಿದ್ದಳು, ಕೂಸಿನ ಮೂಗು ಒರೆಸಿದ ಹಾಗೆ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಸೀರೆ ಧೋತರಗಳ ಕೊಳೆ ತೆಗೆದದ್ದು ನೀಲವ್ವ. ಸಬಕಾರಕ್ಕೆ ಕಾಗದ ಸುತ್ತುತ್ತಿರಲಿಲ್ಲ, ನಾನೇ ಅದರ ಲೇಬಲ್ಲು. ಅಂಗಡಿಯವರು ಬಾಯಿಮಾತಿನ ಮೇಲೆ ಒಯ್ಯುತ್ತಿದ್ದರು. ರಸೀದಿ ಕೊಡುವುದೆಂದರೆ ಗುರುತಿನವರನ್ನು ನಂಬದೇ ಇದ್ದ ಹಾಗೆ ಎಂದು ಅಡಿವೆಪ್ಪನ ಲೆಕ್ಕ.

ಅಡಿವೆಪ್ಪ ತೀರಿಕೊಂಡ. ಕೊಡತಿಯೂ ಕಲ್ಲವ್ವನ ಕೈಗೆ ಬಂತು. ಅಷ್ಟರಲ್ಲಿ ನನಗೂ ಮುಪ್ಪು ಹಿಡಿದಿತ್ತು. ಅಕ್ಷರಗಳ ಅಂಚು ಉರುಟಾಗಿ, ಕೊನೆಯ ಒತ್ತಕ್ಷರ ಅರ್ಧ ಮಾಯವಾಗಿತ್ತು. ಹೆಸರು ಮಸುಕಾಗಿ ಮೂಡುತ್ತಿತ್ತು. ಅದನ್ನು ಓದಿ ಕೊಳ್ಳುವವರು ಯಾರಿದ್ದರು? ಹೆಂಗಸರು ಕೈಯಾಡಿಸಿಯೇ ಗುರುತಿಸುತ್ತಿದ್ದರು.

ಆಗ ಟಿವಿಯಲ್ಲಿ ಇನ್ನೊಬ್ಬ ನೀಲವ್ವ ಬಂದಳು. ದೂರದ ಊರಿನ ದೊಡ್ಡ ಕಂಪನಿಯೊಂದರ ಬಟ್ಟೆ ಪುಡಿ. ಪೊಟ್ಟಣದ ಮೇಲೆ ಇಳಕಲ್ ಸೀರೆ ಉಟ್ಟು ನಗುವ ಹೆಂಗಸು. ಆ ಹೆಸರನ್ನು ಅವರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿದ್ದರು. ನಮ್ಮ ಹೆಸರು ಕದ್ದು ಮಾರುತ್ತಿದ್ದೀರಿ, ನಿಲ್ಲಿಸಿ ಎಂದು ಕಲ್ಲವ್ವನಿಗೆ ನೋಟೀಸು ಕಳಿಸಿದರು. ಬೆನ್ನಿಗೇ ಕೋರ್ಟಿನ ಸಮನ್ಸು ಬಂತು.

ಕಲ್ಲವ್ವ ವಕೀಲ ಹೊಸಮನಿಯವರ ಮುಂದೆ ಹೋಗಿ ಕೂತಳು. "ಯಾರ ಹೆಸರು ಯಾರು ಕದ್ದಾರ್ರಿ? ನನ್ನ ಮಗಳು ಮಣ್ಣಾಗ ಮಲಗಿದಾಗ ಅವರ ಕಂಪನಿ ಹುಟ್ಟಿತ್ತೇನು?"

"ಅದನ್ನಽ ತೋರಸಬೇಕವ್ವಾ. ಅವರಕಿಂತ ಮೊದಲ ನೀವು ಈ ಹೆಸರಲೆ ಮಾರತಿದ್ರಿ ಅಂತ ಸಾಬೀತಾದ್ರ ಹೆಸರು ನಿಮ್ದು. ಹಳೇದು ಏನರ ಐತೇನು?"

ಏನಿದೆ? ಹಳೆಯ ಸಬಕಾರ ಉಳಿಯುವುದಿಲ್ಲ, ಕರಗುವುದೇ ಅದರ ಧರ್ಮ. ಓಣಿಯವರ ಸಾಕ್ಷಿ ಹೇಳಿಸಿದರೆ, ನಿಮ್ಮವರು ನಿಮ್ಮ ಕಡೆಗೇ ಹೇಳುತ್ತಾರೆ ಎಂದು ಆ ಕಡೆಯವರು ತಳ್ಳಿಹಾಕುತ್ತಾರಂತೆ. ಕಡೆಗೆ ಕಲ್ಲವ್ವ ನನ್ನ ಸುದ್ದಿ ತೆಗೆದಳು. ವಕೀಲರ ಮುಖ ಅರಳಿತು.

"ಹಳೇ ಅಚ್ಚು ಐತಿ? ಮತ್ತೇನು ಬೇಕ್ರಿ! ಮುಂದಿನ ತಾರೀಖಿಗೆ ತಗೊಂಬರ್ರಿ, ಜಡ್ಜ್ ಸಾಹೇಬರ ಕೈಯಾಗ ಕೊಡೋಣು."

ಇಷ್ಟು ಹೇಳಿ ಇನ್ನೊಬ್ಬ ಕಕ್ಷಿದಾರನ ಕಡೆ ತಿರುಗಿದರು. ಅಚ್ಚಿನಲ್ಲಿ ನೋಡಬೇಕಾದದ್ದು ಏನು ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ನಮ್ಮಲ್ಲಿ ಮಹಾನವಮಿಗೆ ಖಂಡೆಪೂಜೆ. ಅಂದು ಕೆಲಸದ ಸಾಮಾನುಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಕುಂಕುಮ ಇಟ್ಟು ಮಣೆಯ ಮೇಲೆ ಕೂಡಿಸುತ್ತಾರೆ. ಕೊಳೆ ಮುಖ ಹೊತ್ತು ದೇವರೆದುರು ಕೂಡಬಾರದು. ಹಾಗಿರುವಾಗ ನ್ಯಾಯ ಹೇಳುವವರೆದುರು ಕೂಡಬಹುದೇ? ತಾರೀಖು ಹತ್ತಿರ ಬಂದಾಗ ಕಲ್ಲವ್ವ ನನ್ನನ್ನು ತಿಕ್ಕಿ ತೊಳೆದಳು. ತೊಳೆದಷ್ಟೂ ಸವೆತ ಎದ್ದು ಕಂಡಿತು. ಅರ್ಧ ಹೋದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಳು. ಆಮೇಲೆ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಪಾತ್ರೆ ಬಜಾರಿಗೆ ನಡೆದಳು.

"ಮಾಬುಸಾಬ, ಅಕ್ಷರ ಚಂದಾಗಿ ಎತ್ತಿ ಕೊಡಪಾ. ಸಾಹೇಬರು ಒತ್ತಿ ನೋಡಿದ್ರ ನನ್ನ ಮಗಳ ಹೆಸರು ಸ್ವಚ್ಛ ಓದಾಕ ಬರಬೇಕು."

"ನಮ್ಮಪ್ಪನ ಕೈಯಾಗಿಂದು ಐತಿದು. ಹೊಸಾದರಂಗ ಮಾಡಿ ಕೊಡ್ತೀನಿ, ಯವ್ವಾ," ಎಂದ ಮಾಬುಸಾಬ.

ಅವನು ಉಳಿ ಹಿಡಿದು ಅಕ್ಷರಗಳ ಸುತ್ತ ಆಳಕ್ಕೆ ಕೆರೆದ. ನೋವಾಯಿತು. ಆದರೂ ಸುಳ್ಳು ಯಾಕೆ, ನಾನು ಹಿಗ್ಗಿದೆ. ಹೋದ ಹರೆಯ ಮರಳಿ ಬಂದರೆ ಯಾರು ಹಿಗ್ಗುವುದಿಲ್ಲ?

ಕೋರ್ಟಿನಲ್ಲಿ ಕಲ್ಲವ್ವ ಗಂಟು ಬಿಚ್ಚಿದಾಗ ಕಿಟಕಿಯ ಬಿಸಿಲಿಗೆ ನಾನು ಝಗಝಗ ಹೊಳೆದೆ. ಹೊಸಮನಿಯವರ ಮುಖ ಬಿಳಿಚಿಕೊಂಡಿತು. ಕಂಪನಿಯ ವಕೀಲ ನನ್ನನ್ನು ಎತ್ತಿ ಅತ್ತಿತ್ತ ತಿರುಗಿಸಿದ. ಒರಟು ಮನುಷ್ಯನಲ್ಲ, ಮೆತ್ತಗೇ ಕೇಳಿದ.

"ಅಜ್ಜಿ, ಈ ಅಕ್ಷರ ಯಾವಾಗ ಕೆತ್ತಿಸಿದಿರಿ?"

"ಹೋದ ವಾರ್ರಿ," ಎಂದಳು ಕಲ್ಲವ್ವ, ಹೆಮ್ಮೆಯಿಂದ. "ಸಾಹೇಬರಿಗೆ ಚಲೋ ಕಾಣ್ಲಿ ಅಂತ."

ಅವನು ಮುಂದೆ ಏನೂ ಕೇಳದೆ ಕೂತುಬಿಟ್ಟ. ಅಚ್ಚು ಹಳೆಯದು, ಅಕ್ಷರಕ್ಕೆ ಮಾತ್ರ ಮೊನ್ನೆ ಉಳಿ ತಾಗಿಸಿದ್ದು, ಮೊದಲೂ ಇದೇ ಹೆಸರಿತ್ತು ಎಂದು ಹೊಸಮನಿಯವರು ಗಂಟಲು ಹರಿದುಕೊಂಡರು. ಮೊದಲೂ ಇದೇ ಹೆಸರಿತ್ತು ಎನ್ನಲು ಗುರುತೇನು ಎಂದು ನ್ಯಾಯಾಧೀಶರು ಕೇಳಿದರು. ಗುರುತೆಂದರೆ ನನ್ನ ಸವೆತ. ಅದು ಪಾತ್ರೆ ಬಜಾರಿನ ನೆಲದ ಮೇಲೆ ಹಿತ್ತಾಳೆ ಪುಡಿಯಾಗಿ ಬಿದ್ದಿತ್ತು. ನನಗೆ ಕೂಗಿ ಹೇಳಬೇಕೆನಿಸಿತು. ಆದರೆ ನನಗೆ ಬರುತ್ತಿದ್ದದ್ದು ಒಂದೇ ಮಾತು, ಅದರ ಮೇಲೆಯೇ ವ್ಯಾಜ್ಯವಿತ್ತು.

ಕಲ್ಲವ್ವ ಆ ಹೆಸರು ಬಳಸಕೂಡದು, ಅಚ್ಚಿನ ಮೇಲಿನ ಹೆಸರು ಅಳಿಸಬೇಕು ಎಂದು ತೀರ್ಪಾಯಿತು.

"ಸವದದ್ದು ಹಂಗಽ ಇರಬೇಕಾಗಿತ್ತವ್ವಾ," ಎಂದರು ಹೊಸಮನಿಯವರು ಮೆಟ್ಟಿಲಿಳಿಯುತ್ತ. "ಅದಽ ನಮ್ಮ ಸಾಕ್ಷಿ ಇತ್ತು. ನಾನು ಬಿಡಿಸಿ ಹೇಳಬೇಕಾಗಿತ್ತು."

ಕಲ್ಲವ್ವ ಅಲ್ಲೇ ನಿಂತಳು. "ಹಂಗಾದ್ರ ನಾನಽ ಅಳಿಸಿದ್ನೇನ್ರಿ ನನ್ನ ಮಗಳನ್ನ?"

ಅವರು ಕಾಗದಗಳನ್ನು ಕಂಕುಳಿಗೆ ಸೇರಿಸಿ ಉಳಿದ ಮೆಟ್ಟಿಲು ಇಳಿದರು.

ಹಿತ್ತಲಲ್ಲಿ ಉಳಿದಿದ್ದ ಸಬಕಾರಗಳನ್ನು ಕಲ್ಲವ್ವ ಒಂದೊಂದಾಗಿ ಮಡಿಲಿಗಿಟ್ಟುಕೊಂಡು, ತರಕಾರಿ ಹೆಚ್ಚುವ ಚೂರಿಯಿಂದ ಹೆಸರು ಹೆರೆದಳು. ಹೆರೆದ ಚೂರುಗಳನ್ನು ಬಿಸಾಡದೆ ಒಂದು ಗಡಿಗೆಯಲ್ಲಿ ಹಾಕಿಟ್ಟಳು. ನನ್ನ ಮುಖಕ್ಕೆ ಅರ ಹಾಕಿ ಉಜ್ಜಿದ್ದು ಮಾಬುಸಾಬ. ಉಜ್ಜುವಾಗ ಅತ್ತ. ಅವನ ತಂದೆ ನನ್ನನ್ನು ಹುಟ್ಟಿಸಿದ್ದ ಅದೇ ಕಟ್ಟೆಯ ಮೇಲೆ ನಾನು ಬೋಳಾದೆ.

ಹೆಸರಿಲ್ಲದ ಸಬಕಾರ ಸ್ವಲ್ಪ ಕಾಲ ನಡೆಯಿತು, ಆಮೇಲೆ ಹಿತ್ತಲಿನ ಒಲೆ ಹೊತ್ತಲಿಲ್ಲ. ಗಾಳಿಗೆ ಬಡಿದುಕೊಳ್ಳದ ಹಾಗೆ ಹಿತ್ತಲ ಬಾಗಿಲನ್ನು ತಡೆದು ಹಿಡಿಯುವುದು ಈಗ ನನ್ನ ಉದ್ಯೋಗ. ಎದುರಿನ ಕಿರಾಣಿ ಅಂಗಡಿಯಲ್ಲಿ ಯಾರಾದರೂ "ಒಂದು ನೀಲವ್ವ ಕೊಡ್ರಿ" ಎಂದರೆ ಕಲ್ಲವ್ವ ಹೊಸ್ತಿಲ ತನಕ ಬಂದು, ಪೊಟ್ಟಣ ಹಿಡಿದು ಹೋಗುವವರನ್ನು ನೋಡಿ ಒಳಗೆ ಹೋಗುತ್ತಾಳೆ. ಸವೆದ ಮುಖಕ್ಕೆ ನಾಚಬೇಡಿ ಎಂದು ಹೇಳೋಣವೆಂದರೆ ನನ್ನಲ್ಲಿ ಒಂದು ಅಕ್ಷರವೂ ಉಳಿದಿಲ್ಲ.

ಈ ಸಲ ಮಹಾನವಮಿಗೆ ಅವಳು ಹುಣಸೆಹಣ್ಣು ನೆನೆಹಾಕಿ ನನ್ನನ್ನು ಎತ್ತಿಕೊಂಡಳು. ನುಣ್ಣಗಿನ ಮುಖದ ಮೇಲೆ ಹೆಬ್ಬೆರಳು ಇಟ್ಟಳು. "ಬ್ಯಾಡ, ಇನ್ನೇನರ ಅಳಿಸಿಬಿಟ್ಟೇನು," ಎಂದಳು. ತಿಕ್ಕದೆ, ಹಾಗೆಯೇ ತಂದು ಬಾಗಿಲಿಗೆ ಆನಿಸಿ ಇಟ್ಟಳು.