ಕುರಿ ಕುಡಿದ ಮೇಲೆ ಉಳಿದ ನೀರು

ಮತ್ತೋಡಿನ ಹತ್ತಿರದ ಒಂದು ಹಟ್ಟಿಯಲ್ಲಿ ಹೋದ ವಾರ ಓಬಯ್ಯನ ಮನೆ ಸುಟ್ಟುಹೋಯಿತು. ಹುಲ್ಲಿನ ಸೂರು, ಒಲೆಯ ಕಿಡಿ. ಹಟ್ಟಿಯವರೆಲ್ಲ ಕೊಡ ಹಿಡಿದು ಓಡಿ ಬಂದರು. ಕೊಡಕ್ಕೇನೂ ಬರವಿರಲಿಲ್ಲ, ನೀರಿಗಿತ್ತು. ಜನ ಉಳಿದರು, ಮನೆ ಉಳಿಯಲಿಲ್ಲ.

ಅದೇ ಹಟ್ಟಿಯ ಕೊನೆಯ ಮನೆ ಕುರಿಗಾರ ಎತ್ತಪ್ಪನದು. ಮಗಳು ಹನುಮಮ್ಮ ಹೆರಿಗೆಗೆ ಬಂದು, ಗಂಡುಕೂಸು ಹೆತ್ತು, ಒಳಗೆ ಮಲಗಿದ್ದಳು. ಬಾಣಂತಿಗೆ ಥಂಡಿ ತಾಗಬಾರದೆಂದು ಮಂಚದ ಕೆಳಗೆ ಕೆಂಡ. ತಲೆಯ ಮೇಲೆ ಒಣಗಿ ಗರಿಗರಿಯಾದ ಹುಲ್ಲು.

ಕೂಸನ್ನು ನೋಡಲು ಎತ್ತಪ್ಪನ ಹೆಂಡತಿ ಗಿರಿಯಮ್ಮನ ತಮ್ಮ ಹಾಲಸ್ವಾಮಿ ಬಂದ. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಅವನಿಗೆ ಕೆಲಸ. ಕಲ್ಲಿದ್ದಲ ಇಂಜಿನ್ನಿನ ಕಿಡಿ ಹಾರುವ ಜಾಗ ಅದು. ಬೆಂಕಿ ಆರಿಸಲೆಂದು ಗೋಡೆಗೆ ಸಾಲಾಗಿ ಕೆಂಪು ಬಕೀಟು ತೂಗುಹಾಕಿರುತ್ತಾರೆ. ಕೂಸಿನ ಮುಖ ನೋಡಿದವನು ಹಾಗೆಯೇ ಸೂರಿನ ಕಡೆ ಕಣ್ಣೆತ್ತಿದ.

“ಭಾವ, ಇದಕ್ಕೆ ಬೆಂಕಿ ಬಿದ್ರೆ ನೀರೆಲ್ಲೈತೆ?”

“ಬಿಡ್ತು ಅನ್ನಪ್ಪ! ಕೂಸು ನೋಡಾಕೆ ಬಂದು ಎಂಥ ಮಾತಾಡ್ತೀಯ? ಅಗೋ, ತೊಟ್ಟಿ ತುಂಬಾ ನೀರೈತೆ. ಕಣ್ಣು ಕಾಣಲ್ವೇನು?”

ಮನೆ ಮುಂದೆ ಕುರಿಗಳ ಕಲ್ಲಿನ ತೊಟ್ಟಿ. ಅಂಚಿನವರೆಗೂ ನೀರಿತ್ತು, ಸುಳ್ಳಲ್ಲ. ಎತ್ತಪ್ಪನಿಗೆ ಆ ತೊಟ್ಟಿಯ ಮೇಲೆ ಸ್ವಂತ ಅಳಿಯನಿಗಿಂತ ಹೆಚ್ಚು ನಂಬಿಕೆ.

“ಸಾಕಾಗ್ತೈತೋ ಇಲ್ವೋ, ಲೆಕ್ಕ ಹಾಕಾಣ ಬರ್ರಿ,” ಎಂದ ಹಾಲಸ್ವಾಮಿ.

ಏಣಿ ಹತ್ತಿ ಎತ್ತಪ್ಪನ ಕಂಬಳಿಯನ್ನೇ ಸೂರಿನ ಮೇಲೆ ಹಾಸಿ ಹಾಸಿ ಅಳೆದ. ಇಡೀ ಸೂರು ಇಪ್ಪತ್ತು ಕಂಬಳಿಯಷ್ಟಾಯಿತು. ಆಮೇಲೆ ಒಂದು ಕಂಬಳಿಯಷ್ಟು ಜಾಗಕ್ಕೆ ಒಂದು ಕೊಡ ನೀರು ಎರಚಿದ. ಅರ್ಧ ನೀರು ಜಾರಿ ಕೆಳಗೆ ಬಿತ್ತು. ಹುಲ್ಲು ಸರಿಸಿ ನೋಡಿದರೆ ಒಳಗೆ ಒಣಗಿಯೇ ಇತ್ತು. ಎರಡನೆಯ ಕೊಡಕ್ಕೆ ನೆನೆಯಿತು.

“ಕಂಬಳಿಗೆ ಎರಡು ಕೊಡ. ಸೂರಿಗೆ ನಲವತ್ತು. ಅಷ್ಟೂ ಕೈಗೆ ಸಿಗೋ ಹಂಗೆ ಹೊರಗೇ ಇರಬೇಕು, ಭಾವ.”

“ಬಾವಿ ಐತಲ್ಲ ತಮ್ಮ?” ಗಿರಿಯಮ್ಮ ಕೇಳಿದಳು.

“ಇರೋದು ಒಂದು ರಾಟೆ, ಒಂದು ಹಗ್ಗ. ನೀನು ನಾಕು ಕೊಡ ಸೇದೋದ್ರೊಳಗೆ ಸೂರು ಬೂದಿ ಆಗಿರ್ತೈತೆ ಅಕ್ಕ. ದುರ್ಗದಿಂದ ಬೆಂಕಿ ಆರಿಸೋ ಗಾಡಿ ಬರೋ ಹೊತ್ತಿಗೆ ಬೂದಿನೂ ತಣ್ಣಗಾಗಿರ್ತೈತೆ.”

ಎತ್ತಪ್ಪ ಮೀಸೆ ತಿರುವಿದ. “ನನ್ನ ತೊಟ್ಟಿ ಐವತ್ತು ಕೊಡ ಹಿಡೀತೈತೆ. ಹತ್ತು ಕೊಡ ಮಿಕ್ತು ನೋಡು. ಅದ್ರಾಗೆ ನೀನು ಮೈ ತೊಳ್ಕಂಡು ಊರಿಗೆ ಹೋಗು.”

ಹಾಲಸ್ವಾಮಿ ಏಣಿ ಇಳಿಸಿಟ್ಟ. ಊರಿಗೆ ಹೊರಡಬೇಕಾದವನು ಸಂಜೆಯವರೆಗೆ ಉಳಿದುಕೊಂಡ.

ಹೊತ್ತು ಮುಳುಗಿತು. ಮೇಯಲು ಹೋಗಿದ್ದ ಕುರಿಗಳು ಬಂದವು. ಬೇಸಿಗೆಯ ಬಾಯಾರಿಕೆ ಬೇರೆ. ಒಂದರ ಮೇಲೊಂದು ಬಿದ್ದು ತೊಟ್ಟಿಗೆ ಬಾಯಿ ಹಾಕಿದವು. ಒಳಗೆ ಗಿರಿಯಮ್ಮ ಮಂಚದ ಕೆಳಗೆ ಹೊಸ ಕೆಂಡ ಹಾಕುತ್ತಿದ್ದಳು. ಕಿಡಿ ಚಟಚಟ ಎನ್ನುತ್ತಿತ್ತು.

“ಭಾವ, ಈಗ ಒಂದು ಕೊಡ ತುಂಬ್ಕಂಡು ಬರ್ರಿ.”

ಎತ್ತಪ್ಪ ಕೊಡ ಅದ್ದಿದ. ಅದು ಕಲ್ಲಿಗೆ ಉಜ್ಜಿ ಕರಕರ ಎಂದಿತು. ಬಗ್ಗಿ ನೋಡಿದ. ತಳದಲ್ಲಿ ಒಂದಿಷ್ಟು ಕೆಸರು. ಅದೇ ಹೊತ್ತಿಗೆ ಒಳಗೆ ಕೂಸು ಅತ್ತಿತು. ಎತ್ತಪ್ಪ ಕೊಡ ಅಲ್ಲೇ ಬಿಟ್ಟು ಒಳಗಿನ ಕೆಂಡದ ಕಡೆ ನೋಡಿದ.

“ದಿನಾ ಕೆಂಡ ಹಾಕೋ ಹೊತ್ತಿಗೇ ತೊಟ್ಟಿ ಖಾಲಿ ಆಗ್ತಿತ್ತಲ್ಲೋ! ಇಷ್ಟು ದಿನ ಯಾವ ಧೈರ್ಯದ ಮೇಲೆ ಮಲಗಿದ್ನಪ್ಪ ನಾನು?”

“ಕುರಿಗೆ ಐವತ್ತು ಕೊಡ ಬೇಕೇ ಬೇಕು. ಬೆಂಕಿಯ ನಲವತ್ತು ಬೇರೆ ಇರಬೇಕು. ಎರಡೂ ಕೂಡಿಸಿ ಲೆಕ್ಕ ಹಾಕ್ರಿ, ಭಾವ.”

ಗಿರಿಯಮ್ಮ ಯಾರಾದರೂ ಹೇಳಲೆಂದು ಕಾಯಲಿಲ್ಲ. ಕೆಂಡವನ್ನು ಹೊರಗೆ ಸಾಗಿಸಿ, ಮಗಳಿಗೆ ಇನ್ನೊಂದು ಕಂಬಳಿ ಹೊದಿಸಿದಳು. ಎತ್ತಪ್ಪ ಬಾವಿಗೆ ನಡೆದ. ಮಾರನೆಯ ದಿನ ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಮೂರು ಡಾಂಬರು ಡ್ರಮ್ಮು ಉರುಳಿಸಿ ತಂದು, ಮನೆಯ ಹೊರಗೆ ನಿಲ್ಲಿಸಿ, ನಲವತ್ತು ಕೊಡ ನೀರು ತುಂಬಿಸಿ ಮುಚ್ಚಿದ. ಪಕ್ಕದಲ್ಲೇ ಏಣಿ ಇಟ್ಟ. ಬೆಂಕಿ ಕಂಡರೆ ಮೊದಲು ತಾಯಿ ಮತ್ತು ಕೂಸು ಹೊರಗೆ, ಆಮೇಲೆ ನೀರು ಎಂದು ಮನೆಯವರಿಗೆಲ್ಲ ಹೇಳಿದ. ಕುರಿಗಳು ಆ ಡ್ರಮ್ಮುಗಳ ಸುತ್ತ ಮೂಸಿ ನೋಡಿ, ಬೇಸರಪಟ್ಟು ಹೋದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸೂರನ್ನೂ ಇವತ್ತೇ ಕಂಬಳಿ ಹಾಸಿ ಅಳೆಯಿರಿ. ಎಷ್ಟು ಕೊಡ ಬೇಕೆಂದು ತಿಳಿದುಕೊಳ್ಳಿ. ಆದರೆ ತೊಟ್ಟಿ ತುಂಬಿರುವಾಗ ನೋಡಿ ಸಮಾಧಾನ ಪಡಬೇಡಿ. ಕುರಿ ಕುಡಿದು, ಪಾತ್ರೆ ತೊಳೆದು, ಮಕ್ಕಳ ಮೈ ತೊಳೆದು ಮುಗಿದ ಮೇಲೆ, ಒಲೆ ಹಚ್ಚುವ ಹೊತ್ತಿಗೆ ಕೊಡ ಅದ್ದಿ ನೋಡಿ. ಆಗ ಎಷ್ಟು ಸಿಗುತ್ತದೋ, ನಿಮ್ಮ ಮನೆ ಉಳಿಸಲು ಇರುವ ನೀರು ಅಷ್ಟೇ.